ತಿಂಗಳಿಗೆ ಒಂದು ಅಂಗುಲ

ಹಾವ್ಲಿಕ್, ನೆಬ್ರಾಸ್ಕಾ
ಜೂನ್ 22, 1997

ಪ್ರೀತಿಯ ಅರ್ಲೀನ್,

ಮೈಲೊ ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ದಿನವಾಯಿತು. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಫೋನು ಅಡುಗೆಮನೆಯ ಗೋಡೆಯ ಮೇಲಿದೆ, ಅವನು ಇಡೀ ದಿನ ಅಲ್ಲೇ ಕೂತಿರುತ್ತಾನೆ. ಅವನ ಕೈಯ ವಿಷಯವನ್ನು ಅವನ ಎದುರಿಗೇ ಮಾತಾಡುವುದು ನನ್ನಿಂದಾಗದು. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕೇಳಿದ ಒಂದೇ ಮಾತಿಗೆ ನೀನು ಪಾಳಿ ಬದಲಿಸಿಕೊಂಡು ಆಪರೇಷನ್ ಕೋಣೆಯಲ್ಲಿ ಅವನ ಪಕ್ಕ ನಿಂತೆ. ಅದನ್ನು ನಾನು ಮರೆಯುವುದಿಲ್ಲ. ಇಪ್ಪತ್ತೆರಡು ವರ್ಷ ಡಾಕ್ಟರ ಕೈಗೆ ಕತ್ತರಿ ಚಿಮಟ ಎತ್ತಿಕೊಟ್ಟವಳು, ಅವನ ಸ್ವಂತ ಸೋದರತ್ತೆ, ಒಳಗಿದ್ದಾಳೆ ಎಂಬ ಧೈರ್ಯದಲ್ಲಿ ನಾನು ಹೊರಗೆ ಕೂತಿದ್ದೆ. ನಿನ್ನ ಅಣ್ಣ ಬದುಕಿದ್ದರೆ ಕೂರುತ್ತಿರಲಿಲ್ಲ, ಆ ಉದ್ದದ ಹಾದಿಯಲ್ಲಿ ನಡೆದೂ ನಡೆದೂ ನೆಲ ಸವೆಸುತ್ತಿದ್ದರು. ಎಮಿಲ್ ಹೋಗಿ ಮೂರು ವರ್ಷವಾಯಿತು. ಮೈಲೊನ ಬೇಸ್‌ಬಾಲ್ ಎಸೆತ ಹಿಡಿಯಲು ಅವರು ಕೂರುತ್ತಿದ್ದ ಮಗುಚಿದ ಬಕೆಟ್ಟನ್ನು ನಾನಿನ್ನೂ ಹಿತ್ತಲಿಂದ ಎತ್ತಿಲ್ಲ.

ಮೊಣಕೈ ಚೆನ್ನಾಗಿದೆ. ಕೀಲು ಹಿಡಿದಿಡುವ ಲಿಗಮೆಂಟು ಹರಿದ ಜಾಗಕ್ಕೆ ಅವನದೇ ಮುಂಗೈಯಿಂದ ಟೆಂಡನ್ ಎಂಬ ಹುರಿ ತೆಗೆದು ಹೊಲಿದಿದ್ದಾರಲ್ಲ, ಅದು ಸರಿಯಾಗಿ ಕೂತಿದೆಯಂತೆ. "ಮುಂದಿನ ವರ್ಷದ ಹೊತ್ತಿಗೆ ನಿಮ್ಮ ಹುಡುಗ ಮತ್ತೆ ಚೆಂಡು ಎಸೀತಾನೆ" ಎಂದು ಡಾ. ವಿಟ್‌ಕಾಂಬ್ ಹೇಳಿದರು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿವೆ. ನಿನ್ನೆ ಕಾಫಿ ಲೋಟ ಬೀಳಿಸಿದ. "ಅಮ್ಮಾ, ಈ ಮೂರು ಬೆರಳು ನನ್ನವಲ್ಲ ಕಣೆ, ಯಾರ ಹತ್ರಾನೋ ಬಾಡಿಗೆಗೆ ತಂದಂಗಿದೆ" ಎಂದು ನಕ್ಕ. ಊತಕ್ಕೆ ನರ ಒತ್ತಿಕೊಂಡಿದೆ, ಇಳಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ನಿನಗೂ ಹಾಗೇ ಅನ್ನಿಸುತ್ತದೆಯೇ? ಒಂದು ಸಾಲು ಬರೆ.

ನಿನ್ನ ಅತ್ತಿಗೆ,
ಲವೋನ್


ಒಮಾಹಾ
ಜುಲೈ 13, 1997

ಪ್ರೀತಿಯ ಅತ್ತಿಗೆ,

ಕಾಗದ ತಲುಪಿತು. ತಡವಾಯಿತು, ಕ್ಷಮಿಸಿ. ಇಲ್ಲಿ ಸೆಕೆ ಹೆಚ್ಚು.

ನರಕ್ಕೆ ಸಣ್ಣಗೆ ಕರೆಂಟು ಕೊಟ್ಟು ನೋಡುವ ಪರೀಕ್ಷೆಯೊಂದಿದೆ. ಅದನ್ನು ಮಾಡಿಸಿ ಎಂದು ಕೇಳಿ. ಬೇಗ ಕೇಳಿ. ನಾನು ಹೇಳಿದೆನೆಂದು ಹೇಳಬೇಡಿ. ಬೆರಳುಗಳನ್ನು ಎಡಗೈಯಿಂದ ದಿನಕ್ಕೆ ನಾಲ್ಕು ಸಲ ಮಡಚಿ ಬಿಡಿಸಲಿ, ಗೆಣ್ಣು ಬಿಗಿಯಬಾರದು.

ಮೈಲೊಗೆ ನನ್ನ ಪ್ರೀತಿ.

ಅರ್ಲೀನ್


ಹಾವ್ಲಿಕ್
ಆಗಸ್ಟ್ 24, 1997

ಪ್ರೀತಿಯ ಅರ್ಲೀನ್,

ಪರೀಕ್ಷೆಯ ಮಾತು ಕೇಳಿದೆ. ಡಾಕ್ಟರ ಆಫೀಸಿನ ಹುಡುಗಿ, "ಆರು ತಿಂಗಳಾದ್ರೂ ಕಾಯ್ಬೇಕಮ್ಮ, ಅಷ್ಟರಲ್ಲಿ ತಾನಾಗೇ ಸರಿಹೋಗುತ್ತೆ" ಎಂದಳು. ನಾನು ಶಾಲೆಯ ಅಡುಗೆಮನೆಯಲ್ಲಿ ಸಾರು ಬಡಿಸುವವಳು, ಅವರ ಜೊತೆ ಏನು ವಾದ ಮಾಡಲಿ? ಕಾಯುತ್ತಿದ್ದೇವೆ.

ಹೋದ ಭಾನುವಾರ ಗಸಗಸೆ ಹೂರಣ ಇಟ್ಟು ಕೊಲಾಚೆ ಬನ್ನು ಬೇಯಿಸುತ್ತಿದ್ದೆ. ಒಲೆಯಿಂದ ತಟ್ಟೆ ತೆಗೆದು ಮೇಲಿಟ್ಟು ಆಚೆ ತಿರುಗಿದ್ದೆ. ಸೀದ ವಾಸನೆ ಬಂತು.

"ಏನೋ ಸೀದ್ಹೋಯ್ತು" ಎಂದೆ.

"ಕೊಲಾಚೆ ಚೆನ್ನಾಗೇ ಇದೆಯಲ್ಲಮ್ಮಾ" ಎಂದ ಮೈಲೊ. ಅವನು ಆ ತಟ್ಟೆಯ ಅಂಚಿಗೆ ಬಲಗೈ ಊರಿಕೊಂಡೇ ನಿಂತಿದ್ದ.

ತೋರುಬೆರಳ ತುದಿ ಬೆಳ್ಳಗಾಗಿ ಬೊಬ್ಬೆ ಎದ್ದಿತ್ತು. ತಣ್ಣೀರಿನಡಿ ಹಿಡಿದೆ. ಅವನು ಬೇರೆ ಯಾರದೋ ಬೆರಳು ನೋಡುವವನ ಹಾಗೆ ನೋಡುತ್ತ ನಿಂತ. ಅತ್ತಿದ್ದರೆ ಚೆನ್ನಾಗಿತ್ತು.

ಕಾಲೇಜಿನ ಕೋಚ್ ಫೋನ್ ಮಾಡಿದ್ದರು. ಮುಂದಿನ ವರ್ಷದವರೆಗೆ ಅವನ ಜಾಗ ಇಟ್ಟಿರುತ್ತಾರಂತೆ. ಚೆಂಡು ಬಿಟ್ಟರೆ ಈ ಹುಡುಗನಿಗೆ ಬೇರೇನೂ ಬೇಕಿಲ್ಲ ಎಂದು ನಿನಗೂ ಗೊತ್ತು.

ನಿನ್ನ ಹೋದ ಕಾಗದ ಬಹಳ ಚಿಕ್ಕದಿತ್ತು. ನನ್ನಿಂದ ಏನಾದರೂ ತಪ್ಪಾಯಿತೇ?

ಲವೋನ್


ಹಾವ್ಲಿಕ್
ಸೆಪ್ಟೆಂಬರ್ 28, 1997

ಅರ್ಲೀನ್,

ಐದು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಪ್ರತಿ ಭಾನುವಾರ ತಪ್ಪದೆ ಬರೆಯುತ್ತಿದ್ದವಳು ನೀನು.

ಹೆಬ್ಬೆರಳಿನ ಬುಡದಲ್ಲಿ ದಿಂಬಿನ ಹಾಗಿರುವ ಮಾಂಸ ಇಳಿದುಹೋಗಿದೆ. ಈಗ ಅಲ್ಲೊಂದು ಗುಳಿಯಿದೆ. ಅಂಗಿಯ ಗುಂಡಿ ನಾನೇ ಹಾಕುತ್ತೇನೆ. ಹಾಕುವಾಗ ಅವನು ಕಿಟಕಿಯ ಕಡೆ ನೋಡುತ್ತಾನೆ.

ನೀನು ಒಳಗಿದ್ದವಳು. ನಿನಗೇನಾದರೂ ಗೊತ್ತಿದ್ದರೆ ಹೇಳು.

ಲವೋನ್


ಒಮಾಹಾ
ಅಕ್ಟೋಬರ್ 12, 1997

ಅತ್ತಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಓದಿ ಮುಗಿಸಿದ ತಕ್ಷಣ ಮೈಲೊನನ್ನು ಬೇರೆ ಡಾಕ್ಟರ ಬಳಿ ಕರೆದೊಯ್ಯಿರಿ. ಡೆನ್ವರ್‌ನಲ್ಲಿ ಕೈಯೊಂದನ್ನೇ ನೋಡುವ ಡಾಕ್ಟರಿದ್ದಾರೆ. ಹೆಸರು, ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ. ಈ ಕಾಗದವನ್ನೂ ಅವರಿಗೆ ತೋರಿಸಿ. ಊತದ ಮಾತು ನಂಬಬೇಡಿ. ಒತ್ತಿಕೊಂಡಿರುವುದಕ್ಕೆ ಅಲ್ಲಿ ನರವೇ ಇಲ್ಲ.

ಮುಂಗೈಯಲ್ಲಿ ಚರ್ಮದ ಕೆಳಗೇ ಒಂದು ತೆಳ್ಳಗಿನ ಹುರಿಯಿರುತ್ತದೆ. ಅದನ್ನು ತೆಗೆದರೂ ಕೈಗೆ ಕೊರತೆಯಾಗುವುದಿಲ್ಲ, ಅದಕ್ಕೇ ಲಿಗಮೆಂಟಿನ ಬದಲಿಗೆ ಅದನ್ನು ಹೊಲಿಯುವುದು. ಆದರೆ ಅದು ಎಲ್ಲರಿಗೂ ಇರುವುದಿಲ್ಲ. ಏಳೆಂಟು ಜನರಲ್ಲಿ ಒಬ್ಬರು ಅದಿಲ್ಲದೆಯೇ ಹುಟ್ಟುತ್ತಾರೆ, ಸಾಯುವವರೆಗೂ ಅವರಿಗದು ಗೊತ್ತಾಗುವುದಿಲ್ಲ. ಅಂಥವರ ಕೈ ಕೊಯ್ದು ಹುರಿ ಹುಡುಕಿದರೆ, ಅದೇ ಜಾಗದಲ್ಲಿ ಸ್ವಲ್ಪ ಕೆಳಗೆ, ಅಷ್ಟೇ ಉದ್ದಕ್ಕೆ ಬೆಳ್ಳಗೆ ಸಿಗುವುದು ನರ. ಹೆಬ್ಬೆರಳಿಗೂ ಪಕ್ಕದ ಎರಡು ಬೆರಳಿಗೂ ಜೀವ ಕೊಡುವ ನರ.

ಡಾಕ್ಟರು ಅದನ್ನು ಕತ್ತರಿಸಿ ತೆಗೆದು ನನ್ನ ಕೈಗೆ ಕೊಟ್ಟರು. ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು ನನ್ನ ಕೆಲಸ. ಇಂಥ ಹುರಿಗಳನ್ನು ನಾನು ಎಷ್ಟೋ ಸುತ್ತಿಟ್ಟಿದ್ದೇನೆ. ಹುರಿ ಹೊಸ ರಿಬ್ಬನ್ನಿನ ಹಾಗೆ ಹೊಳೆಯುತ್ತದೆ. ಇದು ಹೊಳೆಯಲಿಲ್ಲ. ಹಳೆಯ ಮೇಣದಬತ್ತಿಯ ಬಣ್ಣವಿತ್ತು. ಅದರ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಓಡಿತ್ತು.

"ಡಾಕ್ಟ್ರೇ, ಇದು ಸ್ವಲ್ಪ ದಪ್ಪ ಅನ್ಸಲ್ವಾ?" ಎಂದೆ.

"ಚೆಂಡು ಎಸೆಯೋ ಹುಡುಗ ಅರ್ಲೀನ್. ಇವ್ರದ್ದು ಎಲ್ಲಾ ದಪ್ಪಾನೇ" ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅದನ್ನು ಅವರಿಗೆ ಎತ್ತಿಕೊಟ್ಟೆ. ಮೈಲೊನ ಮೊಣಕೈಯಲ್ಲಿ ಲಿಗಮೆಂಟಿನ ಜಾಗದಲ್ಲಿ ಈಗ ಹೊಲಿದಿರುವುದು ಅವನ ನರವನ್ನೇ.

ಚೀಟಿಯಲ್ಲಿ "ಹುರಿ ಇದೆ" ಎಂದು ಬರೆದಿತ್ತು. ಆಪರೇಷನ್ನಿಗೆ ಮೊದಲು ಯಾರೋ ನೋಡಿ ಬರೆದದ್ದು. ಡಾಕ್ಟರು ಅದನ್ನು ನಂಬಿದರು, ನಾನೂ ನಂಬಿದೆ. ನಂಬಬೇಕೆಂದು ನಂಬಿದೆ. ಕೆಲಸ ಹೋಗುವ ಭಯವಿತ್ತು. ಊತವೇ ಇರಲಿ ದೇವರೇ ಎಂದು ನಾಲ್ಕು ತಿಂಗಳು ಬೇಡಿಕೊಂಡೆ.

ಮೈಲೊಗೆ ಎಂಟು ವರ್ಷವಿದ್ದಾಗಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನೆನಪಿದೆಯೇ? ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸಿ ಮಣಿಕಟ್ಟು ಮಡಚಿದರೆ ಆ ಹುರಿ ಎದ್ದು ಕಾಣುತ್ತದೆ ಎಂದು ನಾನು ಎಲ್ಲರಿಗೂ ತೋರಿಸಿಕೊಟ್ಟಿದ್ದೆ. ನಿಮ್ಮ ಎರಡೂ ಕೈಯಲ್ಲಿ ಎದ್ದಿತು. ನನಗೂ ಅಣ್ಣನಿಗೂ ಏಳಲಿಲ್ಲ. "ನೋಡ್ರೋ, ನಮ್ಮನೆ ಕೈಗೆ ದೇವ್ರು ಒಂದು ದಾರ ಕಮ್ಮಿ ಹಾಕಿ ಹೊಲ್ದಿದ್ದಾನೆ" ಎಂದು ಅಣ್ಣ ನಕ್ಕಿದ್ದ. ಮೈಲೊನ ಕೈಯಲ್ಲಿ ಏನು ಕಂಡಿತು, ನಾನು ನೋಡಲಿಲ್ಲ. ನಾನಾಗ ಪಾತ್ರೆ ಎತ್ತಲು ಎದ್ದು ಹೋಗಿದ್ದೆ. ನಿಮಗೆ ನೆನಪಿದೆಯೇ?

ಕೊನೆಯ ಮಾತು. ಕಾಲಿನಿಂದ ನರ ತೆಗೆದು ಇಲ್ಲಿ ಸೇರಿಸಬಹುದು. ಸೇರಿಸಿದ ಮೇಲೆ ನರ ತಿಂಗಳಿಗೆ ಒಂದು ಅಂಗುಲ ಬೆಳೆಯುತ್ತದೆ, ಅದಕ್ಕಿಂತ ಬೇಗ ಯಾರು ಏನು ಮಾಡಿದರೂ ಬೆಳೆಯದು. ಹೆಬ್ಬೆರಳಿನ ಮಾಂಸ ಅದಕ್ಕಾಗಿ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಕಾಯುತ್ತದೆ. ಅದರಲ್ಲಿ ನಾಲ್ಕು ತಿಂಗಳನ್ನು ನಾನು ಕಳೆದಿದ್ದೇನೆ. ಇನ್ನೊಂದು ದಿನವನ್ನೂ ನೀವು ಕಳೆಯಬೇಡಿ.

ಅರ್ಲೀನ್


ಹಾವ್ಲಿಕ್
ನವೆಂಬರ್ 9, 1997

ಅರ್ಲೀನ್,

ಡೆನ್ವರ್‌ಗೆ ಹೋಗಿ ಬಂದೆವು. ಪರೀಕ್ಷೆಯಲ್ಲಿ ನೀನು ಬರೆದದ್ದೇ ಬಂತು. ನಾಲ್ಕನೇ ತಾರೀಕು ಆಪರೇಷನ್ ಆಯಿತು. ಎರಡೂ ಮೀನಖಂಡದಿಂದ ನರ ತೆಗೆದು ಮುಂಗೈಗೆ ಹಾಕಿದ್ದಾರೆ. ಮೊಣಕೈಯನ್ನೂ ಬಿಚ್ಚಿ ತೊಡೆಯ ಹಿಂದಿನ ಹುರಿಯಿಂದ ಮತ್ತೆ ಕಟ್ಟಿದ್ದಾರೆ. ಬೆರಳಿಗೆ ಸ್ಪರ್ಶ ಬಂದೀತು, ಹೆಬ್ಬೆರಳಿನ ಬಲದ ಬಗ್ಗೆ ಮಾತು ಕೊಡಲಾರೆ ಎಂದರು ಆ ಡಾಕ್ಟರು.

ಮೈಲೊ ನಿನ್ನ ಕಾಗದವನ್ನು ಎರಡು ಸಲ ಓದಿದ.

ಥ್ಯಾಂಕ್ಸ್‌ಗಿವಿಂಗ್ ಊಟದ ಮಾತು ನೀನು ಕೇಳಿದ್ದೆ. ನನಗೆ ನೆನಪಿಲ್ಲ.

ಇನ್ನು ನನಗೆ ಬರೆಯಬೇಡ.

ಲವೋನ್


ಒಮಾಹಾ
ಡಿಸೆಂಬರ್ 14, 1997

ಅತ್ತಿಗೆ,

ಬರೆಯಬೇಡವೆಂದಿರಿ. ಇದೊಂದು ಬರೆದು ಸುಮ್ಮನಾಗುತ್ತೇನೆ. ಕ್ಷಮೆ ಕೇಳಲು ಬರೆದದ್ದಲ್ಲ.

ಆಸ್ಪತ್ರೆಯ ಮೇಲಿನವರ ಮುಂದೆ ಎಲ್ಲವನ್ನೂ ಹೇಳಿ ಸಹಿ ಹಾಕಿದೆ. ಡಾ. ವಿಟ್‌ಕಾಂಬ್ ನನ್ನ ಎದುರಿಗೇ ಕೂತಿದ್ದರು. ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ, "ನೀನು ಕೇಳಿದ್ದೆ ಅಲ್ವಾ?" ಎಂದರು.

"ಕೇಳಿದ್ದೆ. ಆಮೇಲೆ ನಕ್ಕೆ" ಎಂದೆ.

ಯಾರೂ ಕೆಲಸ ಬಿಡು ಎನ್ನಲಿಲ್ಲ. ನಾನೇ ಬಿಟ್ಟೆ. ಚಿಮಟ ಕೇಳಿದರೆ ಕತ್ತರಿ ಎತ್ತಿಕೊಡುತ್ತಿದ್ದೆ, ಅಂಥ ಕೈ ಆ ಕೋಣೆಯಲ್ಲಿ ಇರಬಾರದು. ಈಗ ಒಂದು ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕಡೆ ಇದ್ದೇನೆ. ಆಸ್ಪತ್ರೆಯಲ್ಲಿ ಈಗ ಎರಡೂ ಮಣಿಕಟ್ಟು ನೋಡಿ, ಹುರಿ ಕಂಡ ಕಡೆ ಶಾಯಿಯಲ್ಲಿ ಗೆರೆ ಎಳೆಯುತ್ತಾರಂತೆ. ಗೆರೆಯಿಲ್ಲದ ಕೈಗೆ ಕತ್ತಿ ತಾಗಿಸುವುದಿಲ್ಲ. ಮೈಲೊಗೆ ಅದರಿಂದೇನೂ ಆಗದು, ಗೊತ್ತು.

ಅರ್ಲೀನ್


ಹಾವ್ಲಿಕ್
ಮಾರ್ಚ್ 22, 1998

ಅತ್ತೆ,

ಎಡಗೈಯಲ್ಲಿ ಬರೀತಾ ಇದೀನಿ. ಪೋಸ್ಟ್‌ಮ್ಯಾನ್ ಈ ವಿಳಾಸ ಓದಿ ನಿಮಗೆ ತಲುಪಿಸಿದ್ರೆ ಅವನಿಗೆ ನನ್ನ ಲೆಕ್ಕದಲ್ಲಿ ಒಂದು ಕೊಲಾಚೆ ಕೊಡಿ.

ನಿಮ್ಮ ಮೇಲೆ ಸಿಟ್ಟಿತ್ತು. ಈಗಲೂ ಇದೆ, ಸುಳ್ಳು ಹೇಳಲ್ಲ. ಆದ್ರೆ ನೀವು ಬರೀದೇ ಇದ್ದಿದ್ರೆ ನಾನಿನ್ನೂ ಊತ ಇಳಿಯೋದನ್ನ ಕಾಯ್ತಾ ಕೂತಿರ್ತಿದ್ದೆ. ಅದೂ ನಿಜ.

ತಿಂಗಳಿಗೊಂದು ಭಾನುವಾರ ಅಮ್ಮ ಚಮಚದ ಹಿಡಿಯಿಂದ ನನ್ನ ಮುಂಗೈ ಮೇಲೆ ಮೆಲ್ಲಗೆ ಕುಟ್ಟುತ್ತಾ ಬರ್ತಾರೆ. ನರ ಎಲ್ಲೀವರೆಗೆ ಬೆಳೆದಿದ್ಯೋ ಅಲ್ಲಿ ಕುಟ್ಟಿದ್ರೆ ಬೆರಳಲ್ಲಿ ಇರುವೆ ಹರಿದಂಗಾಗುತ್ತೆ. "ಬಂತಾ?" "ಇಲ್ಲ." "ಬಂತಾ?" "ಇಲ್ಲ." "ಈಗ?" "ಹಾಂ." ಅಲ್ಲೊಂದು ಪೆನ್ನಿನ ಗುರುತು. ಸ್ನಾನ ಮಾಡಿದ್ರೆ ಅಳಿಸಿಹೋಗುತ್ತಲ್ಲ, ಅದಕ್ಕೆ ಅಳತೆ ಪಟ್ಟಿಯಲ್ಲಿ ಅಳೆದು ಉಗ್ರಾಣದ ಬಾಗಿಲ ಚೌಕಟ್ಟಿಗೆ ಹಾಕ್ತಾರೆ. ಅಪ್ಪ ನನ್ನ ಎತ್ತರ ಗುರುತು ಹಾಕ್ತಿದ್ರಲ್ಲ, ಅದರ ಪಕ್ಕದಲ್ಲೇ. ನಾಲ್ಕು ಗೆರೆ ಆಗಿದೆ. ನಾನು ಎರಡನೇ ಸಲ ಬೆಳೀತಾ ಇದೀನಿ ಅತ್ತೆ, ಈ ಸಲ ಬಹಳ ನಿಧಾನ.

ಕಾಲೇಜು ಬಿಟ್ಟೆ. ಅಪ್ಪ ಕೆಲಸಕ್ಕಿದ್ದ ಕಾಳಿನ ಗೋದಾಮಿನಲ್ಲೇ ಲಾರಿ ತೂಕ ಹಾಕ್ತೀನಿ. ಅಲ್ಲಿಯವರು, "ಏನಪ್ಪಾ, ಎಡಗೈ ಆಟಗಾರ ಆದ್ಯಾ?" ಅಂತಾರೆ. ನಗ್ತೀನಿ.

ಇನ್ನೊಂದು ವಿಷಯ. ನಿಮ್ಮ ಹೆಸರು ಬಂದ್ರೆ ಅಮ್ಮ ಎದ್ದು ಪಾತ್ರೆ ತೊಳೆಯೋಕೆ ಹೋಗ್ತಾರೆ. ತೊಳೆದಿಟ್ಟ ಪಾತ್ರೆನೇ ಮತ್ತೆ ತೊಳೀತಾರೆ. ನಿಮ್ಮ ಮೇಲಿನ ಸಿಟ್ಟು ಅಂದ್ಕೊಂಡಿದ್ದೆ. ಈಗೀಗ ಅದಲ್ಲ ಅನ್ಸುತ್ತೆ. ಏನು ಅಂತ ಗೊತ್ತಿಲ್ಲ.

ಮೈಲೊ


ಹಾವ್ಲಿಕ್
ನವೆಂಬರ್ 15, 1998

ಅರ್ಲೀನ್,

ಒಂದು ವರ್ಷದ ಮೇಲೆ ಬರೆಯುತ್ತಿದ್ದೇನೆ.

ಚೌಕಟ್ಟಿನ ಮೇಲೆ ಹನ್ನೆರಡು ಗೆರೆಗಳಾಗಿವೆ. ಇರುವೆ ಬೆರಳ ತುದಿ ಮುಟ್ಟಿತು. ಬಿಸಿ, ತಣ್ಣಗೆ ಗೊತ್ತಾಗುತ್ತದೆ. ಹೆಬ್ಬೆರಳಿನ ಬುಡದ ಗುಳಿ ತುಂಬಲಿಲ್ಲ. ಅಲ್ಲಿಗೆ ನರ ಹೋಗುವಷ್ಟರಲ್ಲಿ ಕಾಯುವ ಶಕ್ತಿ ಆ ಮಾಂಸದಲ್ಲಿ ಉಳಿದಿರಲಿಲ್ಲ. ಇನ್ನು ತುಂಬುವುದಿಲ್ಲ ಎಂದು ಹೋದ ವಾರ ಡೆನ್ವರ್ ಡಾಕ್ಟರು ಹೇಳಿದರು.

ಬೆರಳಿಗೆ ಸ್ಪರ್ಶದ ಪಾಠ ಮಾಡಿಸಬೇಕೆಂದು ಅವರೇ ಹೇಳಿಕೊಟ್ಟಿದ್ದಾರೆ. ಅವನು ಕಣ್ಣು ಮುಚ್ಚಿಕೊಳ್ಳಬೇಕು, ನಾನು ಒಂದೊಂದೇ ವಸ್ತು ಮುಟ್ಟಿಸಬೇಕು. ನಿನ್ನೆ ಮೊದಲು ಗುಂಡಿ ಕೊಟ್ಟೆ.

"ನಾಣ್ಯ" ಎಂದ.

"ಅಲ್ಲ."

"ಹಾಗಿದ್ರೆ ಗುಂಡಿ. ನೀನು ನಾಣ್ಯ ಕೊಡೋ ಪೈಕಿ ಅಲ್ಲ ಬಿಡು."

ಬಾಚಣಿಗೆಯ ಹಲ್ಲು ಮುಟ್ಟಿಸಿದರೆ ಫೋರ್ಕ್ ಎಂದ. ಇಬ್ಬರೂ ನಕ್ಕೆವು. ಅಲ್ಲೇ ಕಪಾಟಿನ ಮೇಲೆ ಎಮಿಲ್ ಇಟ್ಟಿದ್ದ ಹಳೆಯ ಚೆಂಡಿತ್ತು. ಯಾಕೆ ತೆಗೆದುಕೊಂಡೆನೋ. ಅವನ ತೋರುಬೆರಳನ್ನು ಹಿಡಿದು ಅದರ ಮೇಲೆ ಇಟ್ಟೆ. ಬೆರಳು ಸುಮ್ಮನೆ ಇತ್ತು, ಆಮೇಲೆ ತಾನಾಗಿ ಸರಿಯಿತು, ಸರಿದು ನಿಂತಿತು.

"ಹೊಲಿಗೆ" ಎಂದ. ಕಣ್ಣು ತೆರೆಯಲಿಲ್ಲ. "ಅಮ್ಮಾ, ಹೊಲಿಗೆ ಸಿಕ್ತು."

ಎತ್ತಿಕೊಳ್ಳಲು ನೋಡಿದ. ಹೆಬ್ಬೆರಳು ಬರಲಿಲ್ಲ. ಚೆಂಡು ಮೇಜಿನಿಂದ ಬಿದ್ದು ಒಲೆಯ ಕೆಳಕ್ಕೆ ಉರುಳಿತು. ನಾನು ಎತ್ತಿಕೊಡಲಿಲ್ಲ. ಅವನು ಕೇಳಲಿಲ್ಲ.

ಅದನ್ನು ನೋಡಿದ ಮೇಲೆ ಈ ಕಾಗದ ಬರೆಯದೆ ಇರಲಾಗಲಿಲ್ಲ.

ನಾನು ನಿನಗೆ ಸುಳ್ಳು ಬರೆದಿದ್ದೆ. ಆ ಥ್ಯಾಂಕ್ಸ್‌ಗಿವಿಂಗ್ ಊಟ ನನಗೆ ಚೆನ್ನಾಗಿ ನೆನಪಿದೆ. ನೀನು ಪಾತ್ರೆ ಎತ್ತಲು ಹೋದೆ. ಮೈಲೊ ಓಡಿ ಬಂದು ನನ್ನ ತೊಡೆಯ ಮೇಲೆ ಕೂತು ಎರಡೂ ಕೈ ಮಡಚಿ ತೋರಿಸಿದ. ಎಡಗೈಯಲ್ಲಿ ಹುರಿ ಎದ್ದಿತು. ಬಲಗೈಯಲ್ಲಿ ಏಳಲಿಲ್ಲ. "ಎಡಗೈ ಅಮ್ಮಂದು, ಬಲಗೈ ಅಪ್ಪಂದು" ಎಂದು ಮನೆಯೆಲ್ಲ ಕೂಗುತ್ತ ಓಡಿದ. ಎಮಿಲ್ ಅವನನ್ನು ಹಿಡಿದೆತ್ತಿ ಆ ಬಲಗೈಗೆ ಮುತ್ತಿಟ್ಟರು.

ಆಪರೇಷನ್ನಿಗೆ ಮೊದಲು ಒಂದು ದಿನ ಡಾ. ವಿಟ್‌ಕಾಂಬರ ಆಫೀಸಿನಲ್ಲಿ ಅವನನ್ನು ನೋಡಿದಾಗ ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಲಗೈಗೆ ಬೆರಳವರೆಗೂ ಪಟ್ಟಿ ಬಿಗಿದಿತ್ತು. ಅಲ್ಲಿನ ಹುಡುಗಿ, "ಅದನ್ನ ಬಿಚ್ಚಿದ್ರೆ ನೋಯುತ್ತೆ, ಈ ಕೈ ತೋರಿಸು ಸಾಕು, ಎರಡೂ ಒಂದೇ ಥರ ಇರ್ತವೆ" ಎಂದಳು. ಅವನು ಎಡಗೈ ಮಡಚಿದ. ಅವಳು ಬರೆದುಕೊಂಡಳು. ಮಾತು ನನ್ನ ಬಾಯಿಯವರೆಗೆ ಬಂತು, ಅರ್ಲೀನ್. ಅಷ್ಟು ಓದಿದವರ ಮುಂದೆ ಊಟದ ಮೇಜಿನ ಆಟವನ್ನು ಏನೆಂದು ಹೇಳಲಿ ಎನ್ನಿಸಿತು. ನಕ್ಕಾರು ಎಂದು ಹೆದರಿದೆ. ಹೇಗೂ ಒಳಗೆ ನೀನಿರುತ್ತೀ ಎಂದುಕೊಂಡೆ.

ನೀನು ಎಲ್ಲರ ಜೊತೆ ನಕ್ಕೆ. ನಾನು ನಕ್ಕಾರೆಂದು ಸುಮ್ಮನಾದೆ. ನೀನು ನಾಲ್ಕು ತಿಂಗಳಿಗೆ ಹೇಳಿದೆ. ನಾನು ಒಂದೂವರೆ ವರ್ಷ, ಎಲ್ಲ ಭಾರವನ್ನೂ ನಿನ್ನ ತಲೆಯ ಮೇಲೇ ಬಿಟ್ಟೆ.

ಮೈಲೊಗೆ ಇದು ಗೊತ್ತಿಲ್ಲ. ಅವನ ನೆನಪಿನಲ್ಲಿ ಆ ಆಟವೇ ಉಳಿದಿಲ್ಲ.

ಇಪ್ಪತ್ತಾರಕ್ಕೆ ಥ್ಯಾಂಕ್ಸ್‌ಗಿವಿಂಗ್. ಅವನು ಕಾರು ತಂದು ನಿನ್ನನ್ನು ಕರೆತರುತ್ತಾನೆ, ಎಡಗೈಯಲ್ಲಿ ಚೆನ್ನಾಗಿ ಓಡಿಸುತ್ತಾನೆ. ಊಟಕ್ಕೆ ಕೂರುವ ಮೊದಲು ಅವನಿಗೆ ಹೇಳಬೇಕೆಂದಿದ್ದೇನೆ. ಒಬ್ಬಳೇ ಇದ್ದರೆ ಮತ್ತೆ ಪಾತ್ರೆ ತೊಳೆಯಲು ಹೋಗಿಬಿಡುತ್ತೇನೆ.

ಒಂದು ಸಲ ನಿನ್ನನ್ನು ಅವನ ಪಕ್ಕ ನಿಲ್ಲು ಎಂದು ಕೇಳಿದ್ದೆ. ಈ ಸಲ ನನ್ನ ಪಕ್ಕ ನಿಲ್ಲು ಎಂದು ಕೇಳುತ್ತಿದ್ದೇನೆ.

ನಿನ್ನ ಅತ್ತಿಗೆ,
ಲವೋನ್